ಎಕ್ಸ್‌ರೇ ಮೂರ್ತಿ ತೆಗೆದ ಸೂರ್ಯನ ಪಟ

ಕೊಳ್ಳೇಗಾಲದ ನಮ್ಮ ನರ್ಸಿಂಗ್ ಹೋಮಿನಲ್ಲಿ ಶಾಂತಮೂರ್ತಿಯವರನ್ನು ಪೂರ್ತಿ ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರಿಗೂ ಅವರು ಎಕ್ಸ್‌ರೇ ಮೂರ್ತಿ. ನಾನು ಅವರ ಪಕ್ಕದ ಕೋಣೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವನು. ಹದಿನಾಲ್ಕು ವರ್ಷ ಒಂದೇ ಗೋಡೆಯ ಆಚೆ ಈಚೆ ಕೆಲಸ ಮಾಡಿದೆವು. ಇಲ್ಲಿ ಹೇಳುವುದರಲ್ಲಿ ಕೆಲವನ್ನು ನಾನೇ ಕಂಡಿದ್ದೇನೆ, ಉಳಿದದ್ದು ಅವರು ಹೇಳಿದ್ದು.

ಅವರು ಹತ್ತಿರದ ಅಗರ ಎಂಬ ಊರಿನ ರೈತರ ಮನೆಯ ಎರಡನೆಯ ಮಗ. ಜಮೀನನ್ನು ಅಣ್ಣ ಸದಾಶಿವಪ್ಪ ನೋಡಿಕೊಂಡರು, ಇವರನ್ನು ಓದಲು ಕಳಿಸಿದರು. ಮೈಸೂರಿನಲ್ಲಿ ಎರಡು ವರ್ಷದ ಕೋರ್ಸು ಮುಗಿಸಿ ಇಪ್ಪತ್ಮೂರನೆಯ ವಯಸ್ಸಿಗೆ ಇಲ್ಲಿಗೆ ಸೇರಿದರು. ಆಗ ಎಕ್ಸ್‌ರೇ ಎಂದರೆ ಅರ್ಧ ಕೆಲಸ ಕತ್ತಲೆ ಕೋಣೆಯಲ್ಲಿ. ಫಿಲಂ ಅನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಕೆಂಪು ಬಲ್ಬಿನ ಬೆಳಕಿನಲ್ಲಿ ಒಂದು ತೊಟ್ಟಿಯಿಂದ ಇನ್ನೊಂದು ತೊಟ್ಟಿಗೆ ಅದ್ದಿ ತೊಳೆಯಬೇಕು. ಆ ದ್ರಾವಣದಿಂದ ಅವರ ಉಗುರುಗಳು ಯಾವಾಗಲೂ ಕಂದು ಬಣ್ಣಕ್ಕೆ ತಿರುಗಿರುತ್ತಿದ್ದವು. ಬೆಳಿಗ್ಗೆ ಒಳಗೆ ಹೋದವರು ಮಧ್ಯಾಹ್ನ ಊಟಕ್ಕೆ ಹೊರಗೆ ಬಂದಾಗ ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಲ್ಲುವರು. ಬಾಗಿಲ ಮೇಲೆ ಅವರೇ ಕೆಂಪು ಬಣ್ಣದಲ್ಲಿ ಬರೆದ ಬೋರ್ಡು ಇತ್ತು: ‘ಗರ್ಭಿಣಿಯರು ಮೊದಲೇ ತಿಳಿಸಿ. ಒಳಗೆ ಬರಬಾರದು.’ ಬೋರ್ಡು ಓದಲು ಬಾರದವರೂ ಇರುತ್ತಾರೆಂದು ಪ್ರತಿ ಹೆಂಗಸನ್ನೂ ಬಾಯಿಬಿಟ್ಟು ಕೇಳುತ್ತಿದ್ದರು. ಅದರಲ್ಲಿ ಅವರಿಗೆ ಸಂಕೋಚವಿರಲಿಲ್ಲ.

ಮೂರು ವರ್ಷದ ಹಿಂದೆ ಡಿಜಿಟಲ್ ಯಂತ್ರ ಬಂತು. ಫಿಲಂ ಬೇಡ, ತೊಳೆಯುವುದು ಬೇಡ, ಮೂಳೆ ನೇರವಾಗಿ ಕಂಪ್ಯೂಟರಿನಲ್ಲಿ ಕಾಣುತ್ತದೆ. ಕತ್ತಲೆ ಕೋಣೆಗೆ ಹಳೆಯ ಮಂಚಗಳನ್ನು ತುಂಬಿದರು. ಅವಧಿ ಮೀರಿದ ಫಿಲಮ್ಮಿನ ಮೂರು ಪೆಟ್ಟಿಗೆಗಳನ್ನು ಗುಜರಿಗೆ ಹಾಕುವಂತೆ ಆಫೀಸಿನವರು ಹೇಳಿದರು. ಮೂರ್ತಿಯವರು ಒಂದನ್ನು ಕೇಳಿ ಇಸಿದುಕೊಂಡರು. ಯಾಕೆ ಎಂದು ಕೇಳಿದ್ದಕ್ಕೆ, “ಸುಮ್ನೆ ಇರ್ಲಿ ಕಣಪ್ಪ. ಇಷ್ಟು ವರ್ಸ ಕೈಯಲ್ಲಿ ಆಡಿದ್ದು” ಎಂದರು.

ಅದು ಏನಕ್ಕೆ ಬರುತ್ತದೆ ಎಂದು ತೋರಿಸಿಕೊಟ್ಟವರು ಪುಟ್ಟಮಾದಪ್ಪ ಮೇಷ್ಟ್ರು. ಯಳಂದೂರು ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು, ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಬಂದಿದ್ದರು. ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಮೂಲೆಯಲ್ಲಿದ್ದ ಪೆಟ್ಟಿಗೆ ನೋಡಿ ವಿಚಾರಿಸಿದರು. ಒಂದು ತಗಡಿನ ಡಬ್ಬಕ್ಕೆ ಸೂಜಿಮೊನೆಯಷ್ಟು ತೂತು ಮಾಡಿ, ಒಳಗೆ ಫಿಲಂ ಬಗ್ಗಿಸಿ ಇಟ್ಟು, ಬೆಳಕು ನುಸುಳದಂತೆ ಮುಚ್ಚಿ, ಪೂರ್ವಕ್ಕೆ ಮುಖ ಮಾಡಿ ಕಟ್ಟಿಬಿಟ್ಟರೆ ಸಾಕು, ಸೂರ್ಯ ದಿನಾ ಬೆಳಿಗ್ಗೆ ಏರುವ ದಾರಿ ಫಿಲಮ್ಮಿನ ಮೇಲೆ ಒಂದು ಗೆರೆಯಾಗಿ ಸುಟ್ಟುಕೊಳ್ಳುತ್ತದೆ ಎಂದರು. ಮಾರನೆಯ ದಿನದ ಗೆರೆ ಕೂದಲೆಳೆಯಷ್ಟು ಪಕ್ಕಕ್ಕೆ. ಡಿಸೆಂಬರಿನಿಂದ ಜೂನಿಗೆ ತೆಂಕಣ ತುದಿಯಿಂದ ಬಡಗಣ ತುದಿಗೆ ಹೋಗಿ, ಅಲ್ಲಿಂದ ಡಿಸೆಂಬರಿಗೆ ವಾಪಸ್ಸು.

“ತೊಳೀದೆ ಎಂಗ್ ಬಂದದು ಸಾ?” ಎಂದರು ಮೂರ್ತಿ.

“ತೊಳೆಯೋ ಹಂಗೇ ಇಲ್ಲ ಮೂರ್ತಿ. ಅಷ್ಟು ಬಿಸಿಲು ಬಿದ್ದಮೇಲೆ ತಾನೇ ಮೂಡ್ತದೆ. ಆದರೆ ಹೊರಗೆ ತೆಗೆದಾಗ ಬೆಳಕಿಗೆ ಹಿಡೀಬೇಡ, ಕಪ್ಪಾಗಿಹೋಗ್ತದೆ. ಮಬ್ಬಲ್ಲಿ ಫೋನಲ್ಲಿ ಒಂದು ಸಲ ಫೋಟೋ ತಕ್ಕೊಂಡುಬಿಡು.”

ಕ್ಯಾಂಟೀನಿನ ಕಾಫಿಪುಡಿ ಡಬ್ಬದಲ್ಲಿ ಹದಿನೈದು ದಿನ ಪರೀಕ್ಷೆಗೆ ಇಟ್ಟರು. ಬಂದದ್ದನ್ನು ಫೋನಿನಲ್ಲಿ ಹಿಡಿದು, ಕಪ್ಪನ್ನು ಬಿಳುಪಾಗಿ ಬದಲಿಸಿಕೊಂಡು ನನ್ನ ಕೋಣೆಗೆ ಬಂದು ಅಡ್ಡಕ್ಕೆ ತಿರುಗಿಸಿ ತೋರಿಸಿದರು. ಬಾಗಿದ ಬಿಳಿ ಗೆರೆಗಳು, ಒಂದರ ಪಕ್ಕ ಒಂದು, ಎರಡು ಮೂರು ಕಡೆ ತುಂಡಾಗಿದ್ದವು. ಅದು ಮೋಡ ಕವಿದ ಹೊತ್ತು. “ಪಕ್ಕೆಲುಬು ಇದ್ದಂಗಿಲ್ವಾ?” ಎಂದು ಕೇಳಿದರು. ಮೂಳೆ ನೋಡಿಯೇ ಬದುಕಿದ ಮನುಷ್ಯ ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ಡಿಸೆಂಬರ್ ಇಪ್ಪತ್ತೊಂದಕ್ಕೆ ಎರಡು ಡಬ್ಬ ಕಟ್ಟಿದರು. ಎರಡಕ್ಕೂ ಕರಿ ಇನ್ಸುಲೇಷನ್ ಟೇಪ್ ಸುತ್ತಿ, ಕಂಬಿ ಬಿಗಿದು. ಒಂದು ಅಗರದಲ್ಲಿ ಅಣ್ಣನ ಮನೆಯ ತಾರಸಿಯಲ್ಲಿ. ಇನ್ನೊಂದು ಕೊಳ್ಳೇಗಾಲದ ಬಾಡಿಗೆ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪೈಪಿಗೆ. ಅಲ್ಲಿಂದ ಪೂರ್ವಕ್ಕೆ ಪಕ್ಕದ ಮನೆ, ಶಿವಮ್ಮನವರದ್ದು. ಡಬ್ಬದ ತೂತು ಅವರ ಮಾಳಿಗೆಯ ಕೋಣೆಯ ಕಿಟಕಿಯ ಮೇಲಿಂದ ಆಕಾಶ ನೋಡುತ್ತಿತ್ತು.

ಶಿವಮ್ಮನವರ ಮನೆಯೆಂದರೆ ಮೂರೇ ಜನ. ಅವರು, ರೇಷ್ಮೆಗೂಡಿನ ವ್ಯಾಪಾರ ಮಾಡುವ ಮಗ ಮಹದೇವಪ್ರಸಾದ್, ಸೊಸೆ ಯಶೋದ. ಯಶೋದ ಹನೂರಿನ ಹುಡುಗಿ, ಮದುವೆಯಾಗಿ ಎರಡು ವರ್ಷವಾಗಿತ್ತು. ಬಟ್ಟೆ ಒಣಹಾಕಲು ಮೇಲೆ ಬಂದಾಗ ಡಬ್ಬ ಏನೆಂದು ಕೇಳಿದಳು, ಮೂರ್ತಿಯವರು ಹೇಳಿದರು. ಅಂದಿನಿಂದ ಅವಳಿಗೂ ಅದರ ಹುಚ್ಚು ಹತ್ತಿತು. ಮೂರ್ತಿಯವರು ಡ್ಯೂಟಿಯಲ್ಲಿರುವಾಗ ಬಿಸಿಲೋ ಮೋಡವೋ ಎಂದು ತಮ್ಮ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದಳು. “ಅಂಕಲ್, ಇವತ್ತು ಅರ್ಧ ಗೆರೆ” ಎಂದು ಗೋಡೆಯಾಚೆಯಿಂದ ಹೇಳುವಳು. ಮೂರ್ತಿಯವರಿಗೂ ಅವರ ಹೆಂಡತಿ ಮಾಲಿನಿಗೂ ಮಕ್ಕಳಿರಲಿಲ್ಲ. ಫೆಬ್ರವರಿಯಲ್ಲಿ ಯಶೋದ ಬಸುರಿ ಎಂದು ಗೊತ್ತಾದಾಗ ಮಾಲಿನಿ ದಿನಾ ಏನಾದರೊಂದು ಮಾಡಿ ಅವಳಿಗೆ ಕೊಟ್ಟು ಬರುತ್ತಿದ್ದರು. ಹುಣಸೆಹಣ್ಣಿನ ಗೊಜ್ಜು, ಎಳ್ಳುಂಡೆ, ಒಮ್ಮೊಮ್ಮೆ ಬರೀ ಮಜ್ಜಿಗೆ.

ಆಗಸ್ಟಿನಲ್ಲಿ, ಎಂಟು ತಿಂಗಳು ತುಂಬುವ ಹೊತ್ತಿಗೆ, ಮಗುವಿನ ಮಿಸುಕಾಟ ನಿಂತಿತು. ಬೆಳಿಗ್ಗೆಯಿಂದ ಒದ್ದಿಲ್ಲ ಎಂದು ಯಶೋದ ಮಧ್ಯಾಹ್ನ ಹೇಳಿದಳು. ಕಾರು ಮಾಡಿಕೊಂಡು ಮೈಸೂರಿಗೆ ಓಡಿದರು. ಸ್ಕ್ಯಾನಿನಲ್ಲಿ ಎದೆಬಡಿತ ಸಿಗಲಿಲ್ಲ. ಮಾರನೆಯ ದಿನ ಹೆರಿಗೆ ಮಾಡಿಸಿ ತೆಗೆದರು. ಗಂಡು ಮಗು.

ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಪ್ರಸಾದ್ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದ. ಮಣ್ಣು ಮಾಡಲು ಹೋದವರು ನಾಲ್ಕೇ ಜನ. ಗುಂಡಿ ತೆಗೆದದ್ದು ಮೂರ್ತಿ. ಅಷ್ಟು ಚಿಕ್ಕ ಗುಂಡಿಗೆ ಹಾರೆ ಹೇಗೆ ಹಿಡಿಯಬೇಕೆಂದು ತಿಳಿಯದೆ ಪ್ರಸಾದ್ ನಿಂತುಬಿಟ್ಟಿದ್ದನಂತೆ, ಇವರು ಅವನ ಕೈಯಿಂದ ತೆಗೆದುಕೊಂಡರಂತೆ.

ಹನ್ನೊಂದು ದಿನ ಕಳೆದ ಮೇಲೆ ಆರೈಕೆಗೆ ಬಂದಿದ್ದ ಯಶೋದಳ ತಾಯಿ ರಂಗಮ್ಮ ಮಗಳ ಬಟ್ಟೆ ಒಣಹಾಕಲು ತಾರಸಿಗೆ ಹೋದರು. ಪಕ್ಕದ ತಾರಸಿಯಲ್ಲಿ ಕರಿ ಟೇಪು ಸುತ್ತಿದ ಡಬ್ಬ, ಅದಕ್ಕೊಂದು ತೂತು, ತೂತಿನ ಮುಖ ಮಗಳು ಮಲಗುವ ಕೋಣೆಯ ಕಡೆಗೆ. ಕೆಳಗೆ ಬಂದು ಬೀಗಿತ್ತಿಯನ್ನು ಕೇಳಿದರು. ಕೊಳ್ಳೇಗಾಲದ ಹೆಸರು ಹೇಳಿದರೆ ಹೊರಗಿನವರಿಗೆ ಮಾಟ, ಮಂತ್ರ ನೆನಪಾಗುತ್ತದೆ. ಆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅವರ ಭಯ ಬೇರೆಯದೇ ಇತ್ತು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ, ಮೂರ್ತಿಯವರು ಕೆಲಸಕ್ಕೆ ಹೊರಡುವ ಹೊತ್ತಿಗೆ, ಶಿವಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ಮೂರ್ತಿ, ಆ ಡಬ್ಬದೊಳ್ಗೆ ಏನ್ ಮಡಗಿದ್ದೀಯಪ್ಪ?”

“ಫಿಲಂ ಕಣಕ್ಕ. ಸೂರ್ಯನ್ ಪಟ ತಗ್ಯಾಕೆ. ನಿಮ್ಗೆ ಏಳಿದ್ನಲ್ಲ.”

“ಯಾವ್ ಫಿಲಮ್ಮು?”

ಆ ಪ್ರಶ್ನೆ ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೆ ಆಗಲೇ ಹೊಳೆಯಿತಂತೆ. ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ.

“ಎಕ್ಸ್‌ರೇ ಫಿಲಂ.”

“ಬಸುರಿ ಎಂಗ್ಸು ಎಕ್ಸ್‌ರೇ ತಾವ್ಕೆ ಬರಬಾರ್ದು ಅಂತ ಬೋರ್ಡ್ ಆಕಿರಾದು ನೀನೇ ಅಲ್ವಾ? ನಂಗೂ ಒಂದ್ಸಲ ಸೊಂಟದ್ ಫೋಟೋ ತಗೀವಾಗ ಕೇಳ್ದೆ ನೀನು, ಬಸುರಾ ಅಂತ. ಐವತ್ ವರ್ಸದೋಳ್ನ ಕೇಳ್ದೆ. ಅಷ್ಟು ಗೊತ್ತಿರೋನು, ನನ್ ಸೊಸೆ ಕ್ವಾಣೆ ಮುಂದ್ಕೆ ಅದ್ನ ಕಟ್ದಲ್ಲಪ್ಪ.”

“ಅಕ್ಕ, ಫಿಲಮ್ಮಲ್ಲಿ ಏನೂ ಇರಲ್ಲ. ಅದು ಪೇಪರ್ ಇದ್ದಂಗೆ. ಕಿರಣ ಬರೋದು ಮಿಷಿನ್ನಿಂದ. ಇದು ಬರೀ ಬೆಳಕ್ನ ಇಡ್ಕತದೆ ಅಷ್ಟೇ, ಏನ್ನೂ ಬುಡಲ್ಲ.”

“ಡಿಸೆಂಬರಲ್ಲಿ ಕಟ್ದೆ. ಅವ್ಳು ನಿಂತದ್ದು ಜನವರೀಲಿ. ಒಂದಿನಾನೂ ಬಿಡ್ದಂಗೆ ಅದ್ರ ಮುಂದೆ ಬಟ್ಟೆ ಒಣಾಕವ್ಳೆ.”

ಅಷ್ಟರಲ್ಲಿ ಪ್ರಸಾದ್ ಮೇಲೆ ಹೋಗಿಯಾಗಿತ್ತು. ಮೂರ್ತಿ ಮೆಟ್ಟಿಲು ಹತ್ತಿ ಹೋಗುವಾಗ ಅವನು ಕಂಬಿ ಬಿಚ್ಚಿದ್ದ. ಬೈಯಲಿಲ್ಲ, ಕೂಗಾಡಲಿಲ್ಲ. ಒಳಗೇನಿದೆ ಎಂದು ತಾನೇ ನೋಡಿಕೊಳ್ಳಬೇಕೆಂಬಂತೆ ಟೇಪು ಕಿತ್ತು, ಮುಚ್ಚಳ ತೆಗೆದು, ಫಿಲಂ ಹೊರಗೆಳೆದ. ಒಂದು ಕ್ಷಣ ಎಂಟು ತಿಂಗಳ ಗೆರೆಗಳೆಲ್ಲ ಕಂಡವು, ಕಂದು ಬಣ್ಣಕ್ಕೆ, ಜೂನಿನ ತುದಿಯವರೆಗೆ ಹೋದವೂ ಅವುಗಳ ಮೇಲೆಯೇ ಹಿಂದಿರುಗಿ ಬಂದವೂ. ಒಂಬತ್ತು ಗಂಟೆಯ ಬಿಸಿಲಿನಲ್ಲಿ ಫಿಲಂ ಅವನ ಕೈಯಲ್ಲೇ ಮಬ್ಬಾಗುತ್ತ ಬಂತು. ಮೂರ್ತಿಯವರು ಅದನ್ನು ಉಳಿಸಿಕೊಳ್ಳಲು ಕೈ ಚಾಚಲಿಲ್ಲ. ಪಕ್ಕದ ತಾರಸಿಯ ಬಾಗಿಲಲ್ಲಿ ಯಶೋದ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದಳು. ಅವಳನ್ನೇ ನೋಡುತ್ತಿದ್ದೆ ಎಂದರು ನನಗೆ. ಅವಳು ಒಂದು ಮಾತಾಡಿದ್ದರೂ ಸಾಕಾಗಿತ್ತಂತೆ. ಅವಳು ಒಳಗೆ ಹೋದಳು.

ಆ ದಿನ ನರ್ಸಿಂಗ್ ಹೋಮಿಗೆ ತಡವಾಗಿ ಬಂದರು. ಎರಡು ಎದೆಯ ಎಕ್ಸ್‌ರೇ, ಒಂದು ಮಣಿಕಟ್ಟಿನದ್ದು ತೆಗೆದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. ನಾನು ಕೇಳಿದಾಗ ನಡೆದದ್ದನ್ನು ಹೇಳಿದರು. ನಾನು ನಮ್ಮ ಲೇಡಿ ಡಾಕ್ಟರಿಗೆ ತಿಳಿಸಿದೆ. ಅವರು ಪ್ರಸಾದನನ್ನು ಕರೆಸಿ, ಮೈಸೂರಿನ ರಿಪೋರ್ಟು ತರಿಸಿ ನೋಡಿ, ಹೊಕ್ಕುಳಬಳ್ಳಿ ಗಂಟುಬಿದ್ದು ಹೀಗಾದದ್ದು, ಡಬ್ಬಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ ಎಂದು ಅರ್ಧ ಗಂಟೆ ಕೂತು ಬಿಡಿಸಿ ಹೇಳಿದರು. ಪ್ರಸಾದ್ ಹೋಗುವಾಗ ಎಕ್ಸ್‌ರೇ ಕೋಣೆಯ ಮುಂದೆ ನಿಂತು, “ತಪ್ಪಾಯ್ತು ಸಾ. ಅವ್ವಂಗೆ ಏಳಾಕೆ ನನ್ ಕೈಲಿ ಆಯ್ತಾ ಇಲ್ಲ” ಎಂದ. ಮೂರ್ತಿಯವರು ಅವನ ಹೆಗಲು ಮುಟ್ಟಿ ಕಳಿಸಿದರು.

ಇಷ್ಟರಲ್ಲೇ ಮುಗಿದಿದ್ದರೆ ಮೂರ್ತಿಯವರು ತಡೆದುಕೊಳ್ಳುತ್ತಿದ್ದರೇನೋ. ಆದರೆ ಆ ವಾರವೇ ಒಂದು ಸಂಜೆ, ಮಾಲಿನಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತವರು, ತಲೆ ಎತ್ತದೆ ಕೇಳಿದರು.

“ನಿಜ ಏಳ್ರಿ. ನಮ್ದು ಎರಡು ಓದ್ವಲ್ಲ, ಅದೂ ಇದ್ರಿಂದ್ಲೇನಾ?”

ಮದುವೆಯಾದ ಹೊಸತರಲ್ಲಿ ಅವರಿಗೆ ಎರಡು ಸಲ ಗರ್ಭ ನಿಂತಿತ್ತು. ಮೊದಲನೆಯದು ಮೂರು ತಿಂಗಳಿಗೆ ಹೋಯಿತು. ಎರಡನೆಯದು ಆರು ತುಂಬಿದ ಮೇಲೆ, ಅಗರದ ಮನೆಯಲ್ಲಿ. ಆಮೇಲೆ ಮತ್ತೆ ಆಗಲಿಲ್ಲ. ಇಪ್ಪತ್ತು ವರ್ಷ ಅವರಿಬ್ಬರೂ ಆ ಮಾತನ್ನು ಆಡಿರಲಿಲ್ಲ.

ಮೂರ್ತಿಯವರು ಎದ್ದು ಕಬ್ಬಿಣದ ಟ್ರಂಕು ತೆಗೆದರು. ಎಕ್ಸ್‌ರೇ ಕೆಲಸದವರು ಎದೆಗೆ ಒಂದು ಬ್ಯಾಡ್ಜು ಹಾಕಿಕೊಳ್ಳುತ್ತಾರೆ. ಮೈಗೆ ಎಷ್ಟು ಕಿರಣ ಬಿತ್ತೆಂದು ಅದು ಅಳೆಯುತ್ತದೆ, ಮೂರು ತಿಂಗಳಿಗೊಮ್ಮೆ ರಿಪೋರ್ಟು ಬರುತ್ತದೆ. ಇಪ್ಪತ್ತಾರು ವರ್ಷದ ರಿಪೋರ್ಟುಗಳನ್ನೂ ಅವರು ಜೋಡಿಸಿ ಇಟ್ಟಿದ್ದರು. ಒಂದೊಂದಾಗಿ ಓದಿ ಹೇಳಿದರು. ಎಲ್ಲವೂ ಮಿತಿಯೊಳಗೆ, ಬಹಳ ಕೆಳಗೆ. ಮಾಲಿನಿ ಕೊನೆಯವರೆಗೂ ಕೇಳಿದರು.

“ಅದ್ರಲ್ಲಿ ನನ್ನೆಸ್ರು ಎಲ್ಲದೆ?”

ಮೂರ್ತಿಯವರು ರಿಪೋರ್ಟುಗಳನ್ನು ಮತ್ತೆ ಜೋಡಿಸತೊಡಗಿದರು. ಆ ಮೊದಲ ವರ್ಷಗಳಲ್ಲಿ ಮಾಲಿನಿ ಮಧ್ಯಾಹ್ನದ ಊಟ ತೆಗೆದುಕೊಂಡು ಬಂದು, ಅವರು ಬಿಡುವಾಗುವವರೆಗೆ ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು. ಆಗ ಅದಕ್ಕೆ ಇದ್ದದ್ದು ಸಾಧಾರಣ ಮರದ ಬಾಗಿಲು. ಕಿರಣ ತಡೆಯುವ ಸೀಸದ ಹಾಳೆ ಹೊದಿಸಿದ ಬಾಗಿಲು ಬಂದದ್ದು ನಾಲ್ಕು ವರ್ಷದ ನಂತರ. ಸಾವಿರಾರು ಹೆಂಗಸರನ್ನು ಕೇಳಿದವರು, ತಮ್ಮ ಹೆಂಡತಿ ಆ ಬೆಂಚಿನ ಮೇಲೆ ಕೂರಬಾರದು ಎಂದು ಒಂದು ದಿನವೂ ಹೇಳಿರಲಿಲ್ಲ. ಅಷ್ಟು ದೂರಕ್ಕೆ ಏನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸಬಲ್ಲರು. ನನಗೆ ತೋರಿಸಿದರು ಕೂಡ, ಚೀಟಿಯ ಹಿಂದೆ ಬರೆದು. ಬರೆದು ಮುಗಿಸಿ, “ಆದ್ರೆ ನಂಗೂ ಇದು ಇಪ್ಪತ್ ವರ್ಸದಿಂದ ಒಳ್ಗೇ ಅದೆ ಕಣಪ್ಪ. ಅವಳ್ಗೆ ಮಾತ್ರ ಬಂದದ್ದಲ್ಲ” ಎಂದರು.

ದೀಪಾವಳಿಗೆ ಮುಂಚೆ ಅವರು ಆ ಬಾಡಿಗೆ ಮನೆ ಬಿಟ್ಟರು. ಯಾರೂ ಬಿಡಿ ಎನ್ನಲಿಲ್ಲ. ಎದುರಾದಾಗ ಶಿವಮ್ಮ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದರು, ಯಶೋದ ಹನೂರಿನ ತವರಿಗೆ ಹೋದವಳು ವಾಪಸ್ಸು ಬಂದಿರಲಿಲ್ಲ. ಇಬ್ಬರೂ ಅಗರಕ್ಕೆ, ಸದಾಶಿವಪ್ಪನವರ ಮನೆಯ ಪಕ್ಕದ ಎರಡು ಕೋಣೆಗೆ ಹೋದರು. ಮೂರ್ತಿಯವರು ಅಲ್ಲಿಂದ ದಿನಾ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬರತೊಡಗಿದರು.

ಅಲ್ಲಿಯ ತಾರಸಿಯ ಮೇಲೆ ಎರಡನೆಯ ಡಬ್ಬ ಇನ್ನೂ ಇತ್ತು. ಹೋದ ದಿನವೇ ಬಿಚ್ಚಲು ಇಕ್ಕಳ ಹಿಡಿದು ಹತ್ತಿದರು. ಮಾಲಿನಿ ಕೆಳಗಿನಿಂದ, “ಬುಡ್ರಿ ಅದ್ನ. ಇನ್ನೆಷ್ಟ್ ದಿನ, ವರ್ಸ ತುಂಬ್ಲಿ” ಎಂದರು. ಯಾಕೆ ಹಾಗೆಂದರೋ ಅವರಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಡಿಸೆಂಬರಿನಲ್ಲಿ ದಿನ ತುಂಬಿದಾಗ ಮೂರ್ತಿಯವರು ಡಬ್ಬ ಇಳಿಸಿ, ರಾಗಿ ಮೂಟೆಗಳ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಹಾಕಿ ಬಿಚ್ಚಿದರು. ಮಾಲಿನಿ ಪಕ್ಕದಲ್ಲಿ ನಿಂತಿದ್ದರು. ಪಟ ಚೆನ್ನಾಗಿಯೇ ಬಂದಿತ್ತು. ಕೆಳಗೆ ತೆಂಗಿನ ತಲೆಗಳು, ಒಂದು ವಿದ್ಯುತ್ ಕಂಬ, ಮೇಲೆ ಆ ತುದಿಯಿಂದ ಈ ತುದಿಗೆ ಒತ್ತೊತ್ತಾಗಿ ವರ್ಷದ ಗೆರೆಗಳು. ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಆಗಸ್ಟಿನ ಆ ದಿನ ಯಾವುದು ಎಂದು ಮಾಲಿನಿ ಕೇಳಿದರಂತೆ. ಆಗಸ್ಟಿನ ಗೆರೆಯೂ ಏಪ್ರಿಲಿನ ಗೆರೆಯೂ ಒಂದೇ ಜಾಗದಲ್ಲಿ ಬೀಳುತ್ತವೆ, ಬಿಡಿಸಿ ಹೇಳಲು ಬರುವುದಿಲ್ಲ ಎಂದರು ಇವರು.

ಮಾರನೆಯ ವಾರ ಮಾಲಿನಿ ಒಬ್ಬರೇ ಹನೂರಿಗೆ ಹೋಗಿ ಯಶೋದಳನ್ನು ನೋಡಿ ಬಂದರು. ತಮ್ಮ ಎರಡರ ವಿಷಯವನ್ನು ಅವಳಿಗೆ ಹೇಳಿದರಂತೆ. ಬೇರೆ ಯಾರಿಗೂ ಅದನ್ನು ಹೇಳಿದವರಲ್ಲ. ಯಶೋದ ಬಹಳ ಹೊತ್ತು ಅತ್ತು, “ಆಂಟಿ, ನಾನು ಒಂದಿನಾನೂ ಅಂಕಲ್ ತಪ್ಪು ಅನ್ನಲಿಲ್ಲ. ಆದ್ರೆ ಅಲ್ಲ ಅಂತ ಏಳಾಕೂ ನಂಗೆ ಬಾಯಿ ಬರ್ಲಿಲ್ಲ. ಯಾರ್ದಾರಾ ತಪ್ಪು ಅಂತ ಇದ್ರೆ ವಸಿ ತಡ್ಕಬೋದು ಅನ್ನುಸ್ತಿತ್ತು” ಎಂದಳಂತೆ. ಮಾಲಿನಿ ಅವಳ ತಲೆ ಬಾಚಿ, ಹೆರಳು ಹಾಕಿ, ಸಂಜೆಯ ಬಸ್ಸಿಗೆ ಬಂದರು.

ಪುಟ್ಟಮಾದಪ್ಪ ಮೇಷ್ಟ್ರು ಫೋಟೋವನ್ನು ದೊಡ್ಡದಾಗಿ ಮಾಡಿಸಿ ಶಾಲೆಯ ಗೋಡೆಗೆ ಹಾಕಿದರು. ಕೆಳಗೆ ಹೆಸರು ಬರೆಸುತ್ತೇನೆಂದಾಗ ಮೂರ್ತಿಯವರು ಒಪ್ಪಲಿಲ್ಲ. ಜನವರಿಯಲ್ಲಿ ದೊಡ್ಡ ಡಾಕ್ಟರನ್ನು ಕೇಳಿಕೊಂಡು ಎಕ್ಸ್‌ರೇ ಬಿಟ್ಟು ಚೀಟಿ ಬರೆಯುವ ಕೌಂಟರಿಗೆ ಬಂದು ಕೂತರು. ಇಪ್ಪತ್ತಾರು ವರ್ಷದ ಅನುಭವದವರು ಹೀಗೆ ಮಾಡಬಾರದೆಂದು ನಾವೆಲ್ಲ ಹೇಳಿದೆವು. ಕಣ್ಣು ಸರಿ ಕಾಣುವುದಿಲ್ಲ ಎಂದರು. ಕಣ್ಣಿಗೇನೂ ಆಗಿರಲಿಲ್ಲ.

ಹನೂರಿಗೆ ಹೋಗಿ ಬಂದ ಮೇಲೆ ಮಾಲಿನಿ ಇನ್ನೊಂದು ಕೇಳಿದ್ದರು. ಆರು ತಿಂಗಳಿಗೆ ಹೋದದ್ದನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು. ಆಗ ಹೆಂಗಸರನ್ನು ಕರೆದುಕೊಂಡು ಹೋಗಿರಲಿಲ್ಲ, ಆಮೇಲೂ ಯಾರೂ ತೋರಿಸಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮೂರ್ತಿಯವರು ಅವರನ್ನು ಹೊಲಕ್ಕೆ ಕರೆದೊಯ್ದರು. ಬದುವಿನ ಪಕ್ಕ, ಹೊಂಗೆ ಮರದಿಂದ ಹತ್ತು ಹೆಜ್ಜೆ ಎಂಬುದು ಅವರ ನೆನಪು. ಆದರೆ ನಾಲೆ ಅಗೆಯುವಾಗ ಬದುವನ್ನು ಸರಿಸಿದ್ದರು, ಹೊಂಗೆ ಮರವನ್ನು ಎಂದೋ ಕಡಿದಿದ್ದರು. ಮೂರ್ತಿಯವರು ಹಳೆಯ ಬಾವಿಯಿಂದ ಒಂದು ಸಲ, ಪಕ್ಕದವರ ಗಡಿಕಲ್ಲಿನಿಂದ ಒಂದು ಸಲ ಹೆಜ್ಜೆ ಹಾಕಿ ನೋಡಿದರು. ಎರಡೂ ಒಂದೇ ಕಡೆಗೆ ಬರಲಿಲ್ಲ. ಅರಿಶಿನ ಕಿತ್ತ ಹೊಲ, ಮಣ್ಣು ಸಡಿಲವಾಗಿತ್ತು.

“ಇಲ್ಲೇ ಎಲ್ಲೋ” ಎಂದರು.

“ಇರ್ಲಿ ಬುಡಿ” ಎಂದು ಮಾಲಿನಿ ಅಲ್ಲೇ ಕೂತರು. ಇವರೂ ಸ್ವಲ್ಪ ದೂರದಲ್ಲಿ ಕೂತರು. ಬಿಸಿಲು ಏರುವವರೆಗೆ ಇಬ್ಬರೂ ಅಲ್ಲಿದ್ದು, ಅಡುಗೆಗೆ ಹೊತ್ತಾಯಿತೆಂದು ಎದ್ದು ಬಂದರು.